ಹಂಚಿಕೊಂಡ ಹೆಸರು: ಸಣ್ಣ ವಿಮಾನಯಾನ ಸಂಸ್ಥೆಗಳ ಸಹಕಾರ – ಒಂದು ಚಾರಿತ್ರಿಕ ವಿವೇಚನೆ

೧. ಪ್ರವೇಶ

ಕರ್ನಾಟಕದಲ್ಲಿ ಮಂಗಳೂರು ಎಂಬ ಹೆಸರನ್ನು ಹೊತ್ತ ಊರುಗಳು ಒಂದಕ್ಕಿಂತ ಹೆಚ್ಚಿವೆ. ಕರಾವಳಿಯ ಮಂಗಳೂರು ಬಂದರು ಪಟ್ಟಣವಾಗಿ ಪ್ರಸಿದ್ಧವಾದುದು. ೧೯೫೧ರಲ್ಲಿ ಅದರ ಬಜಪೆಯ ಗುಡ್ಡದ ಮೇಲೆ ವಿಮಾನ ಇಳಿಯಿತು. ಇನ್ನೊಂದು ಮಂಗಳೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯದು. ಎರೆನೆಲದ ನಡುವಿನ ಬೇಸಾಯದ ಊರು. ಎರಡಕ್ಕೂ ಹೆಸರು ಒಂದೇ. ಆದರೆ ಒಂದರ ಹೆಸರಿನ ಬಲದಿಂದ ಇನ್ನೊಂದಕ್ಕೆ ಏನೂ ದಕ್ಕಿಲ್ಲ. ಹೆಸರು ಹಂಚಿಕೆಯಾದ ಮಾತ್ರಕ್ಕೆ ಅದರ ಫಲ ಹಂಚಿಕೆಯಾಗುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆಗೆ ಈ ಎರಡು ಊರುಗಳು ಸಾಕ್ಷಿಯಾಗಿವೆ.

ಸಣ್ಣ ಪಟ್ಟಣಗಳನ್ನು ಜೋಡಿಸುವ ಪ್ರಾದೇಶಿಕ ವಿಮಾನಯಾನ ಸಂಸ್ಥೆಗಳು ತಮ್ಮ ತಮ್ಮ ಹೆಸರಿನಲ್ಲಿ ಬಿಡಿಯಾಗಿ ಉಳಿಯಬೇಕೆ, ಇಲ್ಲವೆ ಒಂದೇ ಹೆಸರಿನಡಿ ಕೂಡಿ ದುಡಿಯಬೇಕೆ ಎಂಬ ಪ್ರಶ್ನೆ ಇಂದು ಮತ್ತೆ ಮುಂದೆ ಬಂದಿದೆ. ಇದನ್ನು ವ್ಯಾಪಾರಶಾಸ್ತ್ರದ ಪ್ರಶ್ನೆ ಎಂದಷ್ಟೇ ಭಾವಿಸುವುದು ವಾಡಿಕೆ. ಆದರೆ ಬಿಡಿಬಿಡಿಯಾಗಿ ದುರ್ಬಲರಾದವರು ಒಂದು ಹೆಸರಿನಡಿ ಸೇರಿ ದೂರದ ಪೇಟೆಯನ್ನು ಮುಟ್ಟಿದ ಅನುಭವ ಕನ್ನಡ ನಾಡಿಗೆ ಸಾವಿರ ವರ್ಷಗಳಷ್ಟು ಹಳೆಯದು. ಆ ಅನುಭವದ ಬೆಳಕಿನಲ್ಲಿ ವಿಮಾನಯಾನದ ಇತಿಹಾಸವನ್ನು ಪರಿಶೀಲಿಸಿ, ಹೆಸರಿನ ಹಂಚಿಕೆ ಯಾವ ಕಟ್ಟುಪಾಡಿನಲ್ಲಿ ಬಾಳಿತು, ಯಾವುದರಲ್ಲಿ ಮುರಿಯಿತು ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಐನೂರ್ವರ ಹೆಸರು

ಕುಷ್ಟಗಿ ಸೀಮೆಗೆ ದೂರವಲ್ಲದ ಐಹೊಳೆ ಚಾಲುಕ್ಯರ ಗುಡಿಗಳಿಗೆ ಹೆಸರಾದಂತೆಯೇ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಮುದಾಯಕ್ಕೂ ಹೆಸರಾದುದು. ಎಂಟನೆಯ ಶತಮಾನದಿಂದ ಮುಂದೆ ಹಲವು ಶತಮಾನಗಳ ಕಾಲ ಕನ್ನಡ, ತಮಿಳು, ತೆಲುಗು ನಾಡುಗಳ ಶಾಸನಗಳಲ್ಲಿ ಈ ಹೆಸರು ಕಾಣಿಸಿಕೊಳ್ಳುತ್ತದೆ. ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ದೊರೆತ ೧೦೮೮ರ ತಮಿಳು ಶಾಸನವೂ ಈ ಸಮುದಾಯವನ್ನು ಉಲ್ಲೇಖಿಸುತ್ತದೆ. ಐನೂರ್ವರು ಎಂದರೆ ಲೆಕ್ಕ ಹಾಕಿದ ಐನೂರು ಮಂದಿಯಲ್ಲ. ಊರೂರಿನ ಸೆಟ್ಟಿಗಳು, ಗವರೆಗಳು, ನಾನಾದೇಶಿಗಳು, ಸರಕು ಸಾಗಿಸುವವರು, ಸರಕಿನ ಕಾವಲಿಗೆ ನಿಂತ ಆಯುಧಧಾರಿಗಳು ಎಲ್ಲರೂ ಈ ಹೆಸರಿನ ನೆರಳಿಗೆ ಬಂದಿದ್ದರು. ಪ್ರತಿಯೊಂದು ಗುಂಪಿನ ಬಂಡವಾಳ ಬೇರೆ, ಲಾಭನಷ್ಟ ಬೇರೆ. ಎಲ್ಲರಿಗೂ ಸಮಾನವಾಗಿದ್ದುದು ಹೆಸರು, ಪ್ರಶಸ್ತಿ, ಧ್ವಜ ಹಾಗೂ 'ಬಣಂಜುಧರ್ಮ' ಎಂಬ ನಡವಳಿಕೆಯ ಕಟ್ಟು. ಇದು ಒಂದೇ ಕೇಂದ್ರದಿಂದ ಆಳಿದ ಸಂಸ್ಥೆಯಾಗಿರಲಿಲ್ಲ ಎಂಬ ಇತಿಹಾಸಕಾರರ ಅಭಿಪ್ರಾಯ ಇಲ್ಲಿ ಮುಖ್ಯವಾಗುತ್ತದೆ.

ಅಪರಿಚಿತ ಊರಿಗೆ ಬಂದ ವರ್ತಕನೊಬ್ಬನನ್ನು ನಂಬಬೇಕೆ ಬೇಡವೆ ಎಂಬ ಸಂದೇಹವನ್ನು ಈ ಹೆಸರು ಬಗೆಹರಿಸುತ್ತಿತ್ತು. ಹೆಸರಿಗೆ ಆ ಶಕ್ತಿ ಬಂದದ್ದು ಧರ್ಮದಿಂದ, ಅಂದರೆ ಎಲ್ಲರೂ ಒಪ್ಪಿದ ಕಟ್ಟಳೆಯಿಂದ. ಕಟ್ಟಳೆಯಿಲ್ಲದೆ ಹೆಸರೊಂದೇ ಇದ್ದಿದ್ದರೆ ಅದು ಅಷ್ಟು ಕಾಲ ಬಾಳುತ್ತಿರಲಿಲ್ಲ.

ಜನಪದ ಬದುಕಿನಲ್ಲಿ ಇದಕ್ಕೆ ಇನ್ನೂ ಸರಳವಾದ ಮಾದರಿಗಳಿವೆ. ಒಂದೊಂದೇ ಎತ್ತುಳ್ಳ ಇಬ್ಬರು ರೈತರು ಎತ್ತುಗಳನ್ನು ಜೋಡಿ ಮಾಡಿಕೊಂಡು, ಸರದಿಯಂತೆ ಇಬ್ಬರ ಹೊಲವನ್ನೂ ಉಳುತ್ತಿದ್ದರು. ಸಂಜೆಗೆ ಎತ್ತುಗಳು ತಮ್ಮ ತಮ್ಮ ಕೊಟ್ಟಿಗೆಗೆ ಮರಳುತ್ತಿದ್ದವು. ಬಿತ್ತನೆ, ಕಳೆ, ಸುಗ್ಗಿಯ ದಿನಗಳಲ್ಲಿ ಮುಯ್ಯಾಳು ಪದ್ಧತಿ ನಡೆಯುತ್ತಿತ್ತು. ಒಬ್ಬರ ಹೊಲಕ್ಕೆ ದುಡಿಯಲು ಹೋದ ಮನೆಗೆ ಅವರು ಬಂದು ಮುಯ್ಯಿ ತೀರಿಸಲೇಬೇಕು. ಲೆಕ್ಕ ಬರೆದಿಡುತ್ತಿರಲಿಲ್ಲ, ಆದರೆ ಯಾರೂ ಮರೆಯುತ್ತಿರಲಿಲ್ಲ. ಮುಯ್ಯಿ ತೀರಿಸದವನ ಹೊಲಕ್ಕೆ ಮುಂದಿನ ವರ್ಷ ಯಾರೂ ಕಾಲಿಡುತ್ತಿರಲಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆ ಸಹಕಾರದ ಲಾಭವನ್ನು ಹೇಳುತ್ತದೆ. ಮುಯ್ಯಿಯ ಕಟ್ಟು ಆ ಲಾಭವನ್ನು ಕಾಯುವ ಬಗೆಯನ್ನು ತೋರಿಸುತ್ತದೆ.

೩. ಡೆಕ್ಕನ್ ಏರ್‌ವೇಸ್ ಮತ್ತು ೧೯೫೩

ಇಂದಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಪ್ರದೇಶ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ೧೯೪೮ರ ಸೆಪ್ಟೆಂಬರ್‌ನಲ್ಲಿ ಆ ಸಂಸ್ಥಾನ ಭಾರತದಲ್ಲಿ ಸೇರಿತು. ೧೯೫೬ರಲ್ಲಿ ಈ ಭಾಗ ರಾಯಚೂರು ಜಿಲ್ಲೆಯೊಂದಿಗೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ೧೯೯೭ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಹೀಗಾಗಿ ಈ ನೆಲದ ಮೊದಲ 'ಸ್ವಂತ' ವಿಮಾನ ಸಂಸ್ಥೆ ಎಂದರೆ ಹೈದರಾಬಾದಿನ ಬೇಗಂಪೇಟೆಯನ್ನು ನೆಲೆಯಾಗಿ ಮಾಡಿಕೊಂಡಿದ್ದ ಡೆಕ್ಕನ್ ಏರ್‌ವೇಸ್. ನಿಜಾಮ್ ಸರ್ಕಾರ ಮತ್ತು ಟಾಟಾ ಸಂಸ್ಥೆಗಳ ಸಹಭಾಗಿತ್ವದಲ್ಲಿ ಇದು ೧೯೪೫ರಲ್ಲಿ ಸ್ಥಾಪನೆಯಾಯಿತು. ಡಕೋಟಾ ವಿಮಾನಗಳು ಹೈದರಾಬಾದನ್ನು ಮದರಾಸು, ಬೆಂಗಳೂರು, ದೆಹಲಿಗಳೊಂದಿಗೆ ಜೋಡಿಸಿದವು. ಭಾರತದ ಮೊದಲ ಮಹಿಳಾ ವಾಣಿಜ್ಯ ವಿಮಾನ ಚಾಲಕಿ ಪ್ರೇಮ್ ಮಾಥುರ್ ಅವರಿಗೆ ಕೆಲಸ ನೀಡಿದ್ದು ಇದೇ ಸಂಸ್ಥೆ.

ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದ ಡಕೋಟಾಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದವು. ಅನೇಕ ಬಂಡವಾಳಗಾರರು ವಿಮಾನ ಕಂಪನಿಗಳನ್ನು ತೆರೆದರು, ಪರವಾನಗಿಗಳೂ ಉದಾರವಾಗಿ ದೊರೆತವು. ಆದರೆ ಅಷ್ಟು ಕಂಪನಿಗಳಿಗೆ ಸಾಲುವಷ್ಟು ಪ್ರಯಾಣಿಕರಿರಲಿಲ್ಲ. ಅಂಬಿಕಾ ಏರ್‌ಲೈನ್ಸ್, ಜ್ಯುಪಿಟರ್ ಏರ್‌ವೇಸ್‌ಗಳು ಬೇಗನೆ ಮುಚ್ಚಿಹೋದವು. ಉಳಿದವು ಇಂಧನದ ಬೆಲೆ ಮತ್ತು ಖಾಲಿ ಆಸನಗಳ ನಡುವೆ ಸಿಲುಕಿದವು.

ಇದೇ ಅವಧಿಯಲ್ಲಿ ನಡೆದ ರಾತ್ರಿ ಅಂಚೆ ವಿಮಾನಯೋಜನೆ ಇಲ್ಲಿ ಸ್ಮರಣಾರ್ಹ. ೧೯೪೯ರ ಜನವರಿಯಿಂದ ದೆಹಲಿ, ಮುಂಬಯಿ, ಕಲಕತ್ತಾ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಅಂಚೆ ಚೀಲಗಳನ್ನೂ ಪ್ರಯಾಣಿಕರನ್ನೂ ಅದಲು ಬದಲು ಮಾಡಿಕೊಂಡು ಬೆಳಗಿನೊಳಗೆ ಮರಳುತ್ತಿದ್ದವು. ಸುತ್ತಲ ಹಳ್ಳಿಗಳ ಗಾಡಿಗಳು ಸಂತೆಯ ಬಯಲಿನಲ್ಲಿ ಕೂಡಿ ಸರಕು ಬದಲಿಸಿಕೊಂಡು ಚದುರುವ ಕ್ರಮವನ್ನೇ ಇದು ಆಕಾಶಮಾರ್ಗದಲ್ಲಿ ಹೋಲುತ್ತಿತ್ತು. ನಾಲ್ಕು ನಗರಗಳನ್ನು ಬಿಡಿಬಿಡಿಯಾಗಿ ಪರಸ್ಪರ ಜೋಡಿಸಲು ಆರು ದಾರಿಗಳು ಬೇಕು. ಒಂದು ಸಂಧಿಸ್ಥಾನವಿದ್ದರೆ ನಾಲ್ಕೇ ಸಾಕು. ಸಹಕಾರದ ನಿಜವಾದ ಉಳಿತಾಯ ಇಂಥ ಜೋಡಣೆಯಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದಕ್ಕೆ ಸಮಾನ ಹೆಸರು ಬೇಕಾಗಿರಲಿಲ್ಲ, ಸಮಾನ ವೇಳಾಪಟ್ಟಿ ಬೇಕಾಗಿತ್ತು.

ಕಂಪನಿಗಳ ದುಃಸ್ಥಿತಿಯನ್ನು ಪರಿಶೀಲಿಸಲು ನ್ಯಾಯಮೂರ್ತಿ ರಾಜಾಧ್ಯಕ್ಷ ಅವರ ನೇತೃತ್ವದಲ್ಲಿ ನೇಮಕವಾದ ವಿಚಾರಣಾ ಸಮಿತಿ ೧೯೫೦ರಲ್ಲಿ ವರದಿ ನೀಡಿತು. ಕಂಪನಿಗಳ ಸಂಖ್ಯೆ ಮಿತಿಮೀರಿದೆ, ಅವು ಸ್ವ ಇಚ್ಛೆಯಿಂದ ಕೂಡಿ ದೊಡ್ಡ ಘಟಕಗಳಾಗಬೇಕು ಎಂಬುದು ಅದರ ಸಲಹೆಯ ಸಾರ. ಆದರೆ ಕಂಪನಿಗಳು ತಾವಾಗಿ ಕೂಡಲಿಲ್ಲ. ಆಸ್ತಿಯ ಬೆಲೆ, ಅಧಿಕಾರ, ಹೆಸರು ಇವುಗಳಲ್ಲಿ ಯಾವುದನ್ನು ಯಾರು ಬಿಟ್ಟುಕೊಡಬೇಕೆಂಬುದು ಬಗೆಹರಿಯದ ವಿಷಯವಾಗಿ ಉಳಿಯಿತು. ಕೊನೆಗೆ ೧೯೫೩ರ ವಿಮಾನ ನಿಗಮಗಳ ಅಧಿನಿಯಮದ ಮೂಲಕ ಸರ್ಕಾರವೇ ಕೂಡಿಸಿತು. ಡೆಕ್ಕನ್ ಏರ್‌ವೇಸ್, ಏರ್‌ವೇಸ್ ಇಂಡಿಯಾ, ಭಾರತ್ ಏರ್‌ವೇಸ್, ಹಿಮಾಲಯನ್ ಏವಿಯೇಷನ್, ಕಳಿಂಗ ಏರ್‌ಲೈನ್ಸ್, ಇಂಡಿಯನ್ ನ್ಯಾಷನಲ್ ಏರ್‌ವೇಸ್, ಏರ್ ಸರ್ವೀಸಸ್ ಆಫ್ ಇಂಡಿಯಾ ಹಾಗೂ ಏರ್ ಇಂಡಿಯಾದ ಒಳನಾಡು ವಿಭಾಗ ಎಂಬ ಎಂಟು ಹೊಳೆಗಳು ಇಂಡಿಯನ್ ಏರ್‌ಲೈನ್ಸ್ ಎಂಬ ಒಂದೇ ಹೆಸರಿನಲ್ಲಿ ಸೇರಿದವು.

ಈ ವಿಲೀನದಿಂದ ಸೇವೆಗೆ ಸ್ಥಿರತೆ ಬಂತು. ಯಾವ ಕಂಪನಿ ಯಾವ ತಿಂಗಳು ಮುಚ್ಚುತ್ತದೆಯೋ ಎಂಬ ಭಯ ತಪ್ಪಿತು. ಅದೇ ಹೊತ್ತಿಗೆ ಹೈದರಾಬಾದ್ ಪ್ರಾಂತ್ಯದ ಹೆಸರು ವಿಮಾನದ ಮೈಮೇಲಿಂದ ಅಳಿಸಿಹೋಯಿತು. ಮಾರ್ಗ ಯಾವುದು, ಯಾವ ಊರಿಗೆ ವಿಮಾನ ಎಂಬ ತೀರ್ಮಾನಗಳು ದೂರದ ಕೇಂದ್ರಕ್ಕೆ ಹೋದವು. ಸ್ವ ಇಚ್ಛೆಯಿಂದ ಹೆಸರು ಹಂಚಿಕೊಳ್ಳಲು ಒಪ್ಪದವರು ಹೆಸರನ್ನೇ ಕಳೆದುಕೊಂಡರು ಎಂಬುದು ಈ ಪ್ರಸಂಗದ ಪಾಠ.

೪. ಮತ್ತೊಂದು ಡೆಕ್ಕನ್

ಐವತ್ತು ವರ್ಷಗಳ ಅನಂತರ ಡೆಕ್ಕನ್ ಎಂಬ ಹೆಸರು ಕರ್ನಾಟಕದಿಂದಲೇ ಮತ್ತೆ ಹಾರಿತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ೨೦೦೩ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಸಣ್ಣ ಎಟಿಆರ್ ವಿಮಾನದೊಂದಿಗೆ ಆರಂಭವಾಯಿತು. ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ' ಅದರ ಗುರುತಾದನು. ಕೆಲವೇ ವರ್ಷಗಳಲ್ಲಿ ಅದು ದೇಶದ ಹತ್ತಾರು ಸಣ್ಣ ಊರುಗಳನ್ನು ಮುಟ್ಟಿತು. ಆದರೆ ಕಡಿಮೆ ದರದಿಂದ ನಷ್ಟ ಬೆಳೆಯಿತು. ೨೦೦೭ರಲ್ಲಿ ಕಿಂಗ್‌ಫಿಷರ್ ಅದರಲ್ಲಿ ಪಾಲು ಕೊಂಡಿತು, ೨೦೦೮ರಲ್ಲಿ ಎರಡೂ ವಿಲೀನವಾದವು. ಡೆಕ್ಕನ್ ಹೆಸರು 'ಕಿಂಗ್‌ಫಿಷರ್ ರೆಡ್' ಎಂದಾಯಿತು. ವಿದೇಶಕ್ಕೆ ಹಾರಲು ಐದು ವರ್ಷಗಳ ಒಳನಾಡು ಸೇವೆ ಬೇಕೆಂಬ ಅಂದಿನ ನಿಯಮದ ದೃಷ್ಟಿಯಿಂದ ಡೆಕ್ಕನ್ನಿನ ವಯಸ್ಸಿಗೂ ಬೆಲೆಯಿತ್ತು. ೨೦೧೨ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತುಹೋಯಿತು. ದೊಡ್ಡ ಹೆಸರಿನೊಳಗೆ ಕರಗಿದ ಸಣ್ಣದು, ದೊಡ್ಡದು ಮುಳುಗಿದಾಗ ಪ್ರತ್ಯೇಕವಾಗಿ ಈಜಲು ಉಳಿದಿರಲಿಲ್ಲ.

೨೦೧೬ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಉಡಾನ್ ಯೋಜನೆ ಸಣ್ಣ ಊರುಗಳಿಗೆ ಹೊಸ ಆಸೆ ಹುಟ್ಟಿಸಿತು. ಒಂದು ಗಂಟೆಯ ಹಾರಾಟಕ್ಕೆ ಸುಮಾರು ೨,೫೦೦ ರೂಪಾಯಿಯ ದರಮಿತಿ, ಮೂರು ವರ್ಷಗಳ ನಷ್ಟಭರ್ತಿ, ಆ ಅವಧಿಗೆ ಮಾರ್ಗದ ಮೇಲೆ ಏಕಸ್ವಾಮ್ಯ ಇವು ಅದರ ಮುಖ್ಯಾಂಶಗಳು. ತೋರಣಗಲ್ಲಿನ ವಿದ್ಯಾನಗರಕ್ಕೆ ೨೦೧೭ರಲ್ಲಿ ಟ್ರೂಜೆಟ್ ಬಂತು. ಬೀದರಕ್ಕೆ ೨೦೨೦ರಲ್ಲಿ ಬಂತು. ೨೦೨೨ರ ಆರಂಭದಲ್ಲಿ ಆ ಸಂಸ್ಥೆಯೇ ನಿಂತಿತು. ಹೊಸ ರೂಪದಲ್ಲಿ ಮರಳಿದ್ದ ಏರ್ ಡೆಕ್ಕನ್ ೨೦೨೦ರಲ್ಲಿ ಸ್ಥಗಿತಗೊಂಡಿತು. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿಗಳನ್ನು ೨೦೧೯ರಿಂದ ಜೋಡಿಸಿದ ಸ್ಟಾರ್ ಏರ್ ಉಳಿದುಕೊಂಡಿತು. ಕೊಪ್ಪಳದ ಗಿಣಿಗೇರಾ ಬಳಿ ಗಣಿ ಕಂಪನಿಯೊಂದರ ಖಾಸಗಿ ಓಡುದಾರಿ ಇದ್ದು, ೨೦೧೮ರ ಉಡಾನ್ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಸೇರಿತ್ತು. ಪಟ್ಟಿಯಲ್ಲಿ ಬಂದ ಹೆಸರು ಆಕಾಶಕ್ಕೆ ಏರಲಿಲ್ಲ.

ಈ ಘಟನೆಗಳ ಹಿಂದೆ ಒಂದೇ ಕಾರಣವಿಲ್ಲ. ಆದರೂ ಒಂದು ಅಂಶ ಸಮಾನವಾಗಿದೆ. ಎರಡು ಮೂರು ವಿಮಾನಗಳುಳ್ಳ ಸಂಸ್ಥೆಯಲ್ಲಿ ಒಂದು ವಿಮಾನ ಕೆಟ್ಟು ನಿಂತರೆ ಇಡೀ ವೇಳಾಪಟ್ಟಿ ಕುಸಿಯುತ್ತದೆ. ಬದಲಿ ಎಂಜಿನ್, ಬಿಡಿಭಾಗ, ತರಬೇತಿ ಪಡೆದ ಚಾಲಕ, ಟಿಕೆಟ್ ಮಾರಾಟದ ವ್ಯವಸ್ಥೆ ಇವೆಲ್ಲಕ್ಕೂ ದೊಡ್ಡ ಸಂಸ್ಥೆ ತೆರುವಷ್ಟೇ ಬೆಲೆಯನ್ನು ಸಣ್ಣದೂ ತೆರಬೇಕು. ಒಂಟಿ ಎತ್ತಿನ ರೈತನ ಸ್ಥಿತಿ ಇದು. ವಿಮಾನ ನಿಂತಾಗ ನಷ್ಟ ಕಂಪನಿಗೆ ಮಾತ್ರವಲ್ಲ. ಆ ಸೇವೆಯನ್ನು ನಂಬಿ ಆಸ್ಪತ್ರೆಯ ದಿನ ಗೊತ್ತುಮಾಡಿಕೊಂಡವರು, ದೂರದ ಕೆಲಸ ಒಪ್ಪಿಕೊಂಡವರು, ಕಾರ್ಖಾನೆ ತೆರೆದವರು ಮತ್ತೆ ರಾತ್ರಿ ಬಸ್ಸಿಗೆ ಮರಳಬೇಕಾಗುತ್ತದೆ.

೫. ಹೊರನಾಡಿನ ಎರಡು ಬಗೆ

ಹೆಸರಿನ ಹಂಚಿಕೆಯಲ್ಲಿ ಜಗತ್ತಿನ ಅನುಭವವನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ದೊಡ್ಡವನ ಹೆಸರನ್ನು ಸಣ್ಣವನು ಹೊರುವುದು. ಅಮೆರಿಕದ ಅಲೆಘನಿ ಏರ್‌ಲೈನ್ಸ್ ೧೯೬೭ರಲ್ಲಿ ತನಗೆ ಲಾಭವಿಲ್ಲದ ಸಣ್ಣ ಮಾರ್ಗಗಳನ್ನು ಸ್ಥಳೀಯ ಕಂಪನಿಗಳಿಗೆ ಒಪ್ಪಿಸಿ 'ಅಲೆಘನಿ ಕಮ್ಯೂಟರ್' ಎಂಬ ಹೆಸರು ಕೊಟ್ಟಿತು. ೧೯೮೪ರಲ್ಲಿ 'ಅಮೆರಿಕನ್ ಈಗಲ್' ಅದೇ ದಾರಿ ಹಿಡಿಯಿತು. ಸಣ್ಣ ಊರುಗಳಿಗೆ ಸೇವೆ ಉಳಿಯಿತು. ಆದರೆ ೨೦೦೯ರ ಫೆಬ್ರುವರಿಯಲ್ಲಿ ಬಫಲೊ ನಗರದ ಬಳಿ ಬಿದ್ದ ವಿಮಾನದ ಮೈಮೇಲೆ 'ಕಾಂಟಿನೆಂಟಲ್ ಕನೆಕ್ಷನ್' ಎಂದಿತ್ತು. ನಡೆಸುತ್ತಿದ್ದುದು ಕೋಲ್ಗನ್ ಏರ್ ಎಂಬ ಸಣ್ಣ ಸಂಸ್ಥೆ. ೫೦ ಮಂದಿ ಸತ್ತರು. ತಾವು ಯಾರನ್ನು ನಂಬಿ ವಿಮಾನ ಹತ್ತಿದೆವು ಎಂಬ ಪ್ರಶ್ನೆ ಎದ್ದಿತು. ಟಿಕೆಟ್ ಮಾರುವಾಗಲೇ ವಿಮಾನ ನಡೆಸುವ ಸಂಸ್ಥೆಯ ಹೆಸರನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ೨೦೧೦ರಲ್ಲಿ ಅಲ್ಲಿ ಕಾನೂನು ಬಂತು.

ಬಾಡಿಗೆಯ ಹೆಸರಿನಿಂದ ಹೊರಬಂದು ಉಳಿದ ಉದಾಹರಣೆಯೂ ಉಂಟು. ಸ್ಕಾಟ್ಲೆಂಡಿನ ಲೋಗನ್‌ಏರ್ ಬ್ರಿಟಿಷ್ ಏರ್‌ವೇಸ್, ಅನಂತರ ಫ್ಲೈಬಿ ಹೆಸರಿನಲ್ಲಿ ಹಾರಿ, ೨೦೧೭ರಲ್ಲಿ ಸ್ವಂತ ಹೆಸರಿಗೆ ಮರಳಿತು. ೨೦೨೦ರ ಮಾರ್ಚ್‌ನಲ್ಲಿ ಫ್ಲೈಬಿ ಮುಚ್ಚಿದಾಗ ಲೋಗನ್‌ಏರ್ ಮುಳುಗಲಿಲ್ಲ. ಭಾರತದಲ್ಲಿ ಅಲಯನ್ಸ್ ಏರ್ ಬಹುಕಾಲ ಏರ್ ಇಂಡಿಯಾದ ಬಳಗವಾಗಿದ್ದು, ೨೦೨೨ರಲ್ಲಿ ಏರ್ ಇಂಡಿಯಾ ಟಾಟಾ ಸಂಸ್ಥೆಗೆ ಹೋದಾಗ ಸರ್ಕಾರದಲ್ಲೇ ಉಳಿದು, ತನ್ನ ಟಿಕೆಟ್ ವ್ಯವಸ್ಥೆಯನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕಾಯಿತು.

ಎರಡನೆಯ ಬಗೆ ಸಮಾನರು ಸೇರಿ ಹೊಸ ಹೆಸರು ಕಟ್ಟುವುದು. ೧೯೪೬ರಲ್ಲಿ ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳ ಸಂಸ್ಥೆಗಳು ಸೇರಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕಟ್ಟಿದವು. ಪಾಲು ಮೂರು, ಎರಡು, ಎರಡು ಎಂದು ಗೊತ್ತಾಗಿತ್ತು. ಅದೇ ವರ್ಷ ಕೀನ್ಯಾ, ಉಗಾಂಡಾ, ಟಾಂಗನೀಕಾಗಳಿಗೆ ಸೇರಿ ಈಸ್ಟ್ ಆಫ್ರಿಕನ್ ಏರ್‌ವೇಸ್ ಹುಟ್ಟಿತು. ಮೊದಲನೆಯದು ದಶಕಗಳ ಕಾಲ ಬಾಳಿತು. ಎರಡನೆಯದು ಪಾಲುದಾರರ ನಡುವಿನ ಬಾಕಿಯ ಜಗಳ ಮತ್ತು ರಾಜಕೀಯ ವಿರಸಗಳಿಂದ ೧೯೭೭ರಲ್ಲಿ ಒಡೆಯಿತು. ಹುಟ್ಟಿದ ವರ್ಷ ಒಂದೇ, ಮಾದರಿಯೂ ಹತ್ತಿರದ್ದು. ಮುಯ್ಯಿ ತೀರದ ಕಡೆ ಹೆಸರು ಉಳಿಯಲಿಲ್ಲ.

೬. ನೆರೆಯ ಮಾದರಿಗಳು

ಸಮಾನರ ಹೆಸರಿಗೆ ಕೊಪ್ಪಳದ ಜನ ದಿನವೂ ನೋಡುವ ಉದಾಹರಣೆ ನಂದಿನಿ ಹಾಲು. ಹಳ್ಳಿಯ ಹಾಲು ಉತ್ಪಾದಕರ ಸಂಘ, ಜಿಲ್ಲೆಗಳ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ಮೂರು ಹಂತಗಳ ಮೇಲೆ ಈ ಹೆಸರು ನಿಂತಿದೆ. ರಾಯಚೂರು, ಬಳ್ಳಾರಿ, ಕೊಪ್ಪಳ ಭಾಗಕ್ಕೆ ಒಂದು ಒಕ್ಕೂಟವಿದೆ. ಹಾಲು, ಯಂತ್ರ, ಲಾಭನಷ್ಟ ಒಕ್ಕೂಟಗಳವು, ಹೆಸರು ಎಲ್ಲರದು. ಈ ಹೆಸರನ್ನು ಕಾಯುವುದು ಸಂಘದ ಬಾಗಿಲಲ್ಲಿ ನಡೆಯುವ ಹಾಲಿನ ಪರೀಕ್ಷೆ. ನೀರು ಬೆರೆಸಿದ ಒಂದು ಕ್ಯಾನು ಇಡೀ ರಾಜ್ಯದ ಹೆಸರನ್ನು ಕೆಡಿಸಬಲ್ಲದು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆ ನೀರಿಗೂ ಗತಿಯಿಲ್ಲ ಎಂಬ ಗಾದೆ ಸುಳ್ಳಾಗಬೇಕಾದರೆ ಈ ಪರೀಕ್ಷೆ ತಪ್ಪಬಾರದು.

ಇದಕ್ಕೆ ವಿರುದ್ಧವಾದ ಪಾಠವನ್ನು ಇಳಕಲ್ ಸೀರೆ ಹೇಳುತ್ತದೆ. ಇಳಕಲ್ಲಿನ ಹೆಸರು ಕುಷ್ಟಗಿ ಭಾಗದ ಮಗ್ಗಗಳಿಗೂ ಅನ್ನ ನೀಡಿದೆ. ಭೌಗೋಳಿಕ ಗುರುತೂ ದೊರೆತಿದೆ. ಆದರೆ ಪೇಟೆಯಲ್ಲಿ ಯಂತ್ರಮಗ್ಗದ ಅಗ್ಗದ ಬಟ್ಟೆಯೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಕೈಮಗ್ಗದ ನೇಕಾರ ಕಟ್ಟಿದ ಹೆಸರಿನ ಫಲವನ್ನು ಇನ್ನೊಬ್ಬರು ಉಣ್ಣುತ್ತಾರೆ. ಕಿನ್ನಾಳದ ಚಿತ್ರಗಾರರ ಗೊಂಬೆಗಳ ಸ್ಥಿತಿ ಇನ್ನೊಂದು ಬಗೆಯದು. ಅಲ್ಲಿ ಹೆಸರು ದೊಡ್ಡದು, ಕೈಗಳು ಕಡಿಮೆ. ಕಾವಲಿಲ್ಲದ ಹೆಸರು ಸೋರಿಹೋಗುತ್ತದೆ. ದುಡಿಮೆ ಬತ್ತಿದ ಹೆಸರು ಸ್ಮಾರಕವಾಗುತ್ತದೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಸಣ್ಣ ಪ್ರಾದೇಶಿಕ ವಿಮಾನ ಸಂಸ್ಥೆಗಳು ಕೂಡಿ ದುಡಿಯಬೇಕು ಎಂಬುದರಲ್ಲಿ ಸಂದೇಹವಿಲ್ಲ. ೧೯೫೩ಕ್ಕೆ ಮೊದಲಿನ ಕಂಪನಿಗಳೂ ಉಡಾನ್ ಕಾಲದ ಸಂಸ್ಥೆಗಳೂ ಬಿಡಿಯಾಗಿ ನಿಂತದ್ದರ ಬೆಲೆಯನ್ನು ತೆತ್ತಿವೆ. ಆದರೆ ಹೆಸರಿನಿಂದ ಆರಂಭಿಸುವುದು ತಪ್ಪು ಕ್ರಮ. ಬಿಡಿಭಾಗಗಳ ಉಗ್ರಾಣ, ತರಬೇತಿ, ಬದಲಿ ವಿಮಾನ, ಒಂದೇ ಟಿಕೆಟ್ಟಿನಲ್ಲಿ ಎರಡು ಸಂಸ್ಥೆಗಳ ಪ್ರಯಾಣ, ನಾಗಪುರದ ರಾತ್ರಿಯಂತಹ ಸಂಧಿಸ್ಥಾನ ಇವು ಮೊದಲು ಬರಬೇಕು. ಇವು ಜೋಡೆತ್ತಿನ ಸಹಕಾರ. ಇದರಲ್ಲಿ ನಂಬಿಕೆ ಗಳಿಸಿದವರು ಮುಂದೆ ಹೆಸರನ್ನು ಹಂಚಿಕೊಳ್ಳಬಹುದು.

ಹೆಸರು ಹಂಚಿಕೊಳ್ಳುವಾಗ ನಾಲ್ಕು ಕಟ್ಟಳೆಗಳು ಅಗತ್ಯವೆಂದು ಇತಿಹಾಸ ಸೂಚಿಸುತ್ತದೆ. ಹೆಸರಿನ ಒಡೆತನ ಒಬ್ಬನದಾಗದೆ ಎಲ್ಲ ಪಾಲುದಾರರದಾಗಿರಬೇಕು. ಇಲ್ಲವಾದರೆ ಡೆಕ್ಕನ್ನಿನ ಗತಿ ಮರುಕಳಿಸುತ್ತದೆ. ವಿಮಾನ ನಡೆಸುವವರ ಸ್ವಂತ ಹೆಸರು ಟಿಕೆಟ್ಟಿನ ಮೇಲೂ ವಿಮಾನದ ಬಾಗಿಲ ಬಳಿಯೂ ಕಾಣುವಂತಿರಬೇಕು. ಸುರಕ್ಷತೆಯ ಹೊಣೆ ಹಂಚಿದ ಹೆಸರಿನೊಳಗೆ ಮರೆಯಾಗಬಾರದು. ಪಾಲುದಾರರ ನಡುವಿನ ಬಾಕಿ ಗೊತ್ತಾದ ಅವಧಿಯೊಳಗೆ ತೀರಬೇಕು, ಒಬ್ಬನು ನಿಂತರೆ ಅವನ ಪ್ರಯಾಣಿಕರನ್ನು ಉಳಿದವರು ಹೊರಬೇಕು, ಅದಕ್ಕೊಂದು ನಿಧಿ ಇರಬೇಕು. ಕಡೆಯದಾಗಿ, ಹೊರಹೋಗುವವನು ತನ್ನ ಎತ್ತನ್ನು ತನ್ನ ಕೊಟ್ಟಿಗೆಗೆ ಒಯ್ಯಲು ದಾರಿ ತೆರೆದಿರಬೇಕು.

ಈ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಕೂಡಿದವರು ದರವನ್ನೂ ಕೂಡಿಯೇ ಏರಿಸಿದರೆ ಪ್ರಯಾಣಿಕನಿಗೆ ದಿಕ್ಕಿಲ್ಲ ಎಂಬುದು ಮೊದಲನೆಯದು. ಇದು ನ್ಯಾಯವಾದ ಆತಂಕ. ೨೦೦೨ರ ಸ್ಪರ್ಧಾ ಅಧಿನಿಯಮ ಇಂಥ ಒಳಒಪ್ಪಂದವನ್ನು ತಡೆಯುತ್ತದೆ. ಆದ್ದರಿಂದ ಉಗ್ರಾಣ ಒಂದಾಗಬಹುದು, ದರದ ನಿರ್ಧಾರ ಬೇರೆಯಾಗಿಯೇ ಇರಬೇಕು. ಇಷ್ಟೆಲ್ಲ ಕಟ್ಟಳೆಯಿಟ್ಟರೆ ಯಾವ ಬಂಡವಾಳಗಾರನೂ ಸೇರುವುದಿಲ್ಲ ಎಂಬುದು ಎರಡನೆಯದು. ಕಟ್ಟಳೆಯಿಲ್ಲದೆ ಸೇರಿದವರು ಎಷ್ಟು ಕಾಲ ಉಳಿದರು ಎಂಬುದೇ ಇದಕ್ಕೆ ಉತ್ತರ.

ಬಣಂಜುಧರ್ಮದ ಕಾಲದಲ್ಲಿ ಹೆಸರನ್ನು ನಂಬಿ ಸರಕು ಒಪ್ಪಿಸಿದವನಿಗೆ ಆ ಹೆಸರಿನ ಹಿಂದೆ ನಿಂತ ಜನ ಗೊತ್ತಿದ್ದರು. ಯಲಬುರ್ಗಾ ಸೀಮೆಯ ಮಂಗಳೂರಿನಿಂದ ಹೊರಟವನಿಗೆ ಮುಂದೆ ಗಿಣಿಗೇರಾದಲ್ಲಿ ವಿಮಾನ ದೊರೆತರೆ, ಅದರ ಮೈಮೇಲಿನ ಹೆಸರು ಯಾವುದೆಂಬುದಕ್ಕಿಂತ, ಆ ಹೆಸರಿಗೆ ಹೊಣೆ ಯಾರೆಂಬುದು ಅವನಿಗೆ ತಿಳಿದಿರಬೇಕು. ವಿಮಾನ ಮುಂದಿನ ವರ್ಷವೂ ಬರುವುದು ಆ ತಿಳಿವಳಿಕೆಯ ಬಲದಿಂದಲೇ.